ಶುಕೂರ್ ರಿಪೇರಿ

ಬಾನೆಟ್ ಮುಚ್ಚಲಿಲ್ಲ. ತಾಜ್ ಪಾಷಾ ಎರಡೂ ಕೈಯಿಂದ ಅದುಮಿದ. ಊಹೂಂ.

"ಇದೂ ಶುಕೂರ್ ರಿಪೇರಿ ಆಗೋಯ್ತಲ್ಲೋ ತಾಜು!" ಜಗಲಿಯ ಮೇಲಿಂದ ಕಾರಿನ ಯಜಮಾನ ಮುನಿಶಾಮಯ್ಯ ನಕ್ಕರು.

ತಾಜ್‌ನ ಕಿವಿ ಕೆಂಪಾಯಿತು. ಶುಕೂರ್ ಅಂದರೆ ಅವನ ಅಪ್ಪ.

ಚನ್ನಪಟ್ಟಣದ ಸುತ್ತಮುತ್ತ ಯಾವುದು ಅರ್ಧದಾರಿಯಲ್ಲಿ ಕೈಕೊಟ್ಟರೂ ಜನ ಅನ್ನುವುದು ಇದನ್ನೇ. ಬಸ್ಸು ನಿಂತರೆ ಶುಕೂರ್ ರಿಪೇರಿ. ಪಂಪ್‌ಸೆಟ್ ನಿಂತರೆ ಶುಕೂರ್ ರಿಪೇರಿ. ಭಾಷಣಕ್ಕೆ ಎದ್ದವನಿಗೆ ಮಾತು ಮರೆತುಹೋದರೂ ಅದೇ. ಎಲ್ಲಕ್ಕೂ ಮೂಲ ಹೊಂಗನೂರಿನ ಈ ಹಳೇ ಅಮೆರಿಕನ್ ಕಾರು. ಎಂಟು ಸಿಲಿಂಡರಿನ ಆನೆ. ಮುನಿಶಾಮಯ್ಯನವರ ಮದುವೆಯ ಹೊತ್ತಿಗೆ ಇದರ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಕಾರ್ಬುರೇಟರಿನಲ್ಲಿ ಬೆರೆತ ಪೆಟ್ರೋಲು-ಗಾಳಿಯನ್ನು ಎಂಟೂ ಸಿಲಿಂಡರಿಗೆ ಹಂಚುವ ಕಬ್ಬಿಣದ ಭಾಗ ಅದು. ಶುಕೂರ್ ಬೆಸುಗೆ ಹಾಕಿ ಕೂರಿಸಿದ್ದ. ಆದರೇನು, ಮದುವೆ ಮುಗಿಸಿ ರಾಮನಗರದಿಂದ ಹೊರಟ ಗಂಡು-ಹೆಣ್ಣನ್ನು ಕಾರು ಊರಾಚೆಯ ಹುಣಸೆಮರದ ಹತ್ತಿರ ಇಳಿಸಿಬಿಟ್ಟಿತು. ಶುಕೂರ್ ಬೆವರು ಸುರಿಸಿ ಬೋಲ್ಟುಗಳನ್ನೆಲ್ಲ ಬಿಗಿದ ಮೇಲೆ ಮತ್ತೆ ಹೊರಟಿತು ನಿಜ. ಅವನ ಮಾನ ಮಾತ್ರ ಹೊರಡಲಿಲ್ಲ. ಕಾರಿನ ಸಹವಾಸವೇ ಸಾಕೆಂದು ಅವನು ಸೈಕಲ್ ಅಂಗಡಿ ಇಟ್ಟುಕೊಂಡ.

ಈಗ ಮುನಿಶಾಮಯ್ಯನವರ ಮೊಮ್ಮಗಳು ಲತಾಮಣಿಯ ಮದುವೆ. ಚನ್ನಪಟ್ಟಣದ ಛತ್ರದಿಂದ ಬಿಡದಿಯ ಗಂಡಿನ ಮನೆಗೆ ಇದೇ ಕಾರು ಹೋಗಬೇಕು. ತಾಜ್ ಹಟ ಹಿಡಿದು ಕೆಲಸ ವಹಿಸಿಕೊಂಡಿದ್ದ. ಕಾರು ಒಮ್ಮೆ ನಿಲ್ಲದೆ ಬಿಡದಿ ಮುಟ್ಟಿದರೆ ಸಾಕು, ಅಪ್ಪನ ಹೆಸರಿಗಂಟಿದ ಮಸಿ ತೊಳೆದುಹೋಗುತ್ತದೆ.

ಚಿಕ್ಕಲಕ್ಷ್ಮಮ್ಮ ಮಜ್ಜಿಗೆ ಲೋಟ ಹಿಡಿದು ಬಂದರು. ಗಂಡನ ಕಡೆ ಕಣ್ಣು ಬಿಟ್ಟರು.

"ಸುಮ್ಕಿರಿ ಅತ್ಲಾಗೆ. ಆ ಮಾತು ಆಡ್‌ಬ್ಯಾಡಿ ಅಂತ ಎಷ್ಟು ಕಿತ ಯೋಳ್ಲಿ?"

ಈ ಅಜ್ಜಿಯೊಬ್ಬರೇ ಆ ಗೇಲಿಗೆ ನಗುತ್ತಿರಲಿಲ್ಲ. ಪ್ರತಿ ಯುಗಾದಿಗೂ ಶುಕೂರ್ ಮನೆಗೆ ತುಪ್ಪದ ಒಬ್ಬಟ್ಟು ಕಳಿಸುತ್ತಿದ್ದರು. ಮೆತ್ತನೆ ಮನಸ್ಸು, ಅಯ್ಯೋ ಪಾಪ ಅಂತ ಕಳಿಸುತ್ತಾರೆ ಎಂದು ಊರು ತಿಳಿದಿತ್ತು.

ತಾಜ್ ಹಳೇ ಮ್ಯಾನಿಫೋಲ್ಡ್ ಬಿಚ್ಚಿದಾಗ ದಂಗಾಗಿದ್ದ. ಅಪ್ಪನ ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಮತ್ತೆ ಅವತ್ತು ಕಾರು ನಿಂತಿದ್ದೇಕೆ? ಇನ್ನೆಲ್ಲೋ ಗಾಳಿ ಎಳೆದಿರಬೇಕು ಅಂದುಕೊಂಡು ಅದನ್ನು ಮೂಲೆಗಿಟ್ಟ. ಆದರೂ ಅಪಾಯ ಬೇಡವೆಂದು ಬೆಂಗಳೂರಿನ ಗುಜರಿಯಿಂದ ಬೇರೊಂದು ಕಾರಿನ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ತಂದ. ಬಿಡದಿ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಅದರ ತಳ ಸಮ ಮಾಡಿಸಿದ. ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ ಅಗಲಿಸಿದ. ಅಂತೂ ಕೂತಿತು ಅನ್ನುವಷ್ಟರಲ್ಲಿ ಎತ್ತರ ಹೆಚ್ಚಾಗಿ ಬಾನೆಟ್ಟಿಗೆ ತಾಗಿತ್ತು. ಅದಕ್ಕೇ ಈ ಗೇಲಿ.

"ಗಿಡ್ಡ ಏರ್ ಕ್ಲೀನರ್ ಹಾಕ್ತೀನಿ ಯಜಮಾನ್ರೇ, ಮುಚ್ಚುತ್ತೆ," ಎಂದ.

"ಮುಂದ್ಗಡೆ ಏನಾರ ಬದ್ಲಾಯ್ಸು ಮಗಾ," ಎಂದರು ಅಜ್ಜಿ. "ಹಿಂದ್ಗಡೆ ಎಂಗೈತೋ ಅಂಗೇ ಇರ್ಲಿ. ನಾನು ಮದ್ವೆ ಹೆಣ್ಣಾಗಿ ಕೂತಿದ್ದ ಜಾಗ ಅದು."

ತಾಜ್ ಹಿಂದೆ ಏನನ್ನೂ ಬದಲಿಸಲಿಲ್ಲ. ಟ್ಯಾಂಕ್ ತೊಳೆದ. ಪೈಪು ಊದಿದ. ಕಳ್ಳರ ಭಯಕ್ಕೆ ಹಿಂದಿನ ಕಾಲದವರು ಸೀಟಿನ ಕೆಳಗೆ ಹಾಕಿಸಿದ್ದ ಹಿತ್ತಾಳೆ ಕಾಕಿಗೆ, ಅಂದರೆ ಪೆಟ್ರೋಲಿನ ನಲ್ಲಿಗೆ, ಎರಡು ತೊಟ್ಟು ಎಣ್ಣೆ ಬಿಟ್ಟ.

ಮದುವೆಯ ದಿನ ಇಂಜಿನ್ ಎಂಥಾ ಸದ್ದು ಮಾಡಿತು ಅಂತೀರಿ! ಛತ್ರದವರೆಲ್ಲ ಊಟ ಬಿಟ್ಟು ಎದ್ದು ಬಂದರು. ಹೆಣ್ಣಿನ ಜೊತೆ ಹಿರಿಯ ಹೆಂಗಸೊಬ್ಬರು ಹೋಗುವುದು ರೂಢಿ. ನಾನೇ ಹೋಗುತ್ತೇನೆ ಎಂದು ಅಜ್ಜಿ ಹಿಂದಿನ ಸೀಟಿನ ಮೂಲೆ ಹಿಡಿದರು. ಪಕ್ಕದಲ್ಲಿ ಲತಾಮಣಿ, ಆಚೆ ಬದಿಗೆ ಗಂಡು ಪುನೀತ್. ಮದುವೆಗೆ ಮುಂಚೆ ಮಾತಿಲ್ಲ ಕತೆಯಿಲ್ಲ ಅನ್ನುವುದು ಮುನಿಶಾಮಯ್ಯನವರ ಮನೆಯ ಕಟ್ಟಳೆ. ಮುಂದಿನ ಸೀಟಿನಲ್ಲಿ ಅವರೇ ಕೂತಿದ್ದಾರೆ, ಹಿಂದಿನವರು ಬಾಯಿ ಬಿಡುವುದುಂಟೇ? ಅವನು ಕಿಟಕಿ ನೋಡಿದ, ಅವಳು ಮೆಹಂದಿ ನೋಡಿಕೊಂಡಳು.

ಕಾರು ಹೂವಿನಂತೆ ಓಡಿತು. ದಾರಿಯಲ್ಲಿ ಅಜ್ಜಿಯ ಎಲೆಅಡಿಕೆ ಚೀಲ ಕೆಳಗೆ ಬಿತ್ತು. ಬಗ್ಗಿ ತಡಕಾಡಿ ಎತ್ತಿಕೊಂಡರು. ದೂರದಲ್ಲಿ ಅದೇ ಹುಣಸೆಮರ ಕಂಡಾಗ ತಾಜ್ ಸ್ಟೀರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಇದೊಂದು ದಾಟಿದರೆ ಗೆದ್ದೆ.

ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಮರದ ಎದುರಿಗೇ ನಿಂತಿತು.

ಬಾನೆಟ್ ಎತ್ತಿದ್ದೇ ತಡ, ಹಿಂದಿನ ವ್ಯಾನಿನಲ್ಲಿದ್ದ ಗಂಡಸರೆಲ್ಲ ಇಳಿದು ಮುತ್ತಿಕೊಂಡರು. "ಶುಕೂರ್ ರಿಪೇರಿ ಕಣ್ರಲಾ!" ಎಂದ ಯಾರೋ. ಹೋ ಎಂಬ ನಗು. ಬೆಳಿಗ್ಗೆಯಷ್ಟೇ ಟ್ಯಾಂಕ್ ಭರ್ತಿ ಮಾಡಿದ್ದ ತಾಜ್‌ಗೆ ಅನುಮಾನ ಬಂದದ್ದು ಒಂದರ ಮೇಲೇ. ಅಪ್ಪನಂತೆಯೇ ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯತೊಡಗಿದ.

ಪುನೀತ್ ಕೂಡ ತೋಳು ಮಡಚಿಕೊಂಡು ಇಳಿದ. ಅಜ್ಜಿ ಬಿಡಲಿಲ್ಲ. "ಮದ್ವೆ ಬಟ್ಟೆ ಕೊಳೆ ಆಯ್ತದೆ ಕಣಪ್ಪ. ಆ ಮರದ ನೆಳ್ಳಲ್ಲಿ ಕೂತ್ಕೋ ಹೋಗು. ಲತಾ, ನೀನೂ ಹೋಗವ್ವ."

ಬಿಗಿದದ್ದಾಯಿತು. ಸ್ಟಾರ್ಟ್ ಆಗಲಿಲ್ಲ. ಸಂಜೆ ಮನೆಗೆ ಹೋಗಿ ಅಪ್ಪನ ಮುಖ ಹೇಗೆ ನೋಡುವುದು? ತಾಜ್‌ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮರದ ಕೆಳಗಿನಿಂದ ಲತಾಮಣಿ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಪುನೀತ್ ಕೈ ಆಡಿಸಿಕೊಂಡು ಏನೋ ಹೇಳುತ್ತಲೇ ಇದ್ದ.

"ತಾಜು, ಒಸಿ ಬಾ ಇಲ್ಲಿ," ಹಿಂದಿನ ಸೀಟಿನಿಂದಲೇ ಅಜ್ಜಿ ಕರೆದರು. ಮರದ ಕಡೆ ನೋಡುತ್ತಾ ಅವರ ಮುಖ ಅರಳಿತ್ತು. "ಅವತ್ತೂ ಹಿಂಗೇ ಕಣ್ ಮಗಾ. ಗಂಡಸ್ರೆಲ್ಲ ಬಾನೆಟ್ ತಾವ. ನಾವಿಬ್ರೂ ಆ ಮರದ ಕೆಳ್ಗೆ. ನಿಮ್ ಯಜಮಾನ್ರು ನನ್ನ ಜೊತೆ ಮೊದ್ಲು ಬಾಯಿ ಬುಟ್ಟಿದ್ದು ಅಲ್ಲೇಯ."

ಹಾಗೆಂದು ಬಗ್ಗಿ, ಎಲೆಅಡಿಕೆ ಚೀಲ ಮಡಿಲಲ್ಲೇ ಇದ್ದರೂ ಸೀಟಿನ ಕೆಳಗೆ ಕೈ ಹಾಕಿ, ಎಣ್ಣೆ ಕಂಡಿದ್ದ ಹಿತ್ತಾಳೆ ಕಾಕನ್ನು ಸರಾಗವಾಗಿ ತಿರುಗಿಸಿದರು. ಆಮೇಲೆ ಬಾನೆಟ್ಟಿನ ಸುತ್ತ ನಿಂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಪೆಟ್ರೋಲ್ ಬುಟ್ಟಿದ್ದೀನಿ, ಈಗ ಸ್ಟಾರ್ಟ್ ಮಾಡು. ನಿಮ್ಮಪ್ಪಂಗೂ ಯೋಳ್ಬುಡು, ಅವತ್ತೂ ಅವನ ಕೆಲ್ಸದಲ್ಲಿ ಏನೂ ತಪ್ಪಿರ್ನಿಲ್ಲ."