ಹಬ್ಬವಿಲ್ಲದ ವರ್ಷದ ಸೊಂಟಪಟ್ಟಿ

ಮನೆಯಲ್ಲೇ ಹೊಲಿದುಕೊಡಲೆಂದು ಕಂಪನಿಯೊಂದರಿಂದ ಹೆಂಡತಿ ಕೃಪಾಳ ಹೆಸರಿಗೆ ಬಂದ ಪೆಟ್ಟಿಗೆಯನ್ನು ಹೃಷಿಕೇಶ ತಾನೇ ತೆರೆದುಬಿಟ್ಟ. ಒಳಗೆ ಬಣ್ಣಬಣ್ಣದ ಬಟ್ಟೆ, ವೆಲ್ಕ್ರೋ ಸುರುಳಿ, ಮಾದರಿಗೆಂದು ಹೊಲಿದ ಒಂದು ಓಬಿ. ಬೇಸಿಗೆ ಹಬ್ಬಗಳಲ್ಲಿ ಜಪಾನಿನ ಹೆಂಗಸರು ಯುಕಾತಾ ಎಂಬ ತೆಳು ನಿಲುವಂಗಿ ತೊಟ್ಟು ಮೇಲೆ ಬಿಗಿಯುವ ಸೊಂಟಪಟ್ಟಿ ಅದು. ಸುಮ್ಮನೆ ಎಳೆದ. ಚರ್ರನೆ ಬಿಚ್ಚಿಕೊಂಡಿತು.

ಕೊರೋನಾದಿಂದಾಗಿ ತಾವಿರುವ ಇಚಿಕಾವಾದಲ್ಲಿ ಈ ವರ್ಷ ಹಬ್ಬವಿಲ್ಲ. ಟೋಕಿಯೋದಲ್ಲೂ ಇಲ್ಲ. ಮತ್ತೆ ಇಷ್ಟೊಂದು ಓಬಿ ಯಾರಿಗೆ?

ಆನ್‌ಲೈನ್ ಮೀಟಿಂಗ್ ಮುಗಿದ ಮೇಲೆ ಸಹೋದ್ಯೋಗಿ ನಕಾನೋ-ಸಾನ್‌ರನ್ನು ಕೇಳಿದ. ಅವರು ಕ್ಯಾಮೆರಾ ಆಫ್ ಮಾಡಿಕೊಂಡು ಉತ್ತರಿಸಿದರು. ನೀಲಿಚಿತ್ರ ತೆಗೆಯುವವರಿಗೆ ಬೇಸಿಗೆ ಹಬ್ಬವೆಂದರೆ ಪ್ರಾಣವಂತೆ. ಕಾಗದದ ದೀಪ, ಡೋಲಿನ ಸದ್ದು, ಯುಕಾತಾ. ಬೀದಿಯ ಹಬ್ಬ ನಿಂತರೂ ಸ್ಟುಡಿಯೋದೊಳಗಿನ ಹಬ್ಬ ನಿಂತಿಲ್ಲ.

"ನಿಜವಾದ ಓಬಿ ಬಿಚ್ಚೋ ಹೊತ್ತಿಗೆ ನೋಡೋನಿಗೆ ನಿದ್ದೆ ಬಂದಿರುತ್ತೆ, ಹೃಷಿ-ಸಾನ್. ಸುಮಿಮಾಸೆನ್, ಕ್ಷಮಿಸಿ."

ಹೃಷಿಕೇಶ ಲ್ಯಾಪ್‌ಟಾಪ್ ಮುಚ್ಚಿದ. ಹೆಂಡತಿಗಿಂತ ಅಮ್ಮನ ಚಿಂತೆ ಹೆಚ್ಚಾಯಿತು. ಸಾಕುರಾ ಹೂವು ನೋಡಿ ಹೋಗಲೆಂದು ಮೈಸೂರಿನಿಂದ ಬಂದ ವಿಶಾಲಾಕ್ಷಮ್ಮ, ವಿಮಾನ ನಿಂತು ಇಲ್ಲೇ ಉಳಿದಿದ್ದರು. ಮೊದಮೊದಲು ಕಿಟಕಿಯ ಬಳಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದವರು ಈಚೆಗೆ ಗೆಲುವಾಗಿದ್ದರು. ಪಾರಾಯಣದ ಪುಣ್ಯವೆಂದು ಅವನ ನಂಬಿಕೆ. ಈ ಸುದ್ದಿ ಕಿವಿಗೆ ಬಿದ್ದರೆ ಆ ಗೆಲುವು ಉಳಿದೀತೆ? ಚಿಕ್ಕ ಮನೆ ಬೇರೆ; ಹೊಲಿಗೆ ಯಂತ್ರಕ್ಕೆ ಅಮ್ಮನ ಕೋಣೆಯಲ್ಲೇ ಜಾಗ. ಪಾಪ, ಆ ಸದ್ದಿನ ನಡುವೆಯೇ ಪಾರಾಯಣ.

ಅಮ್ಮ ಕಾಫಿಗೆಂದು ಈಚೆ ಬಂದರು. ಯಂತ್ರ ಸುಮ್ಮನಿತ್ತು.

"ಕಣ್ಣು ಉರೀತಿದೆ ಕಣೋ. ಕನ್ನಡಕ ಬದಲಾಯಿಸ್ಬೇಕು."

"ಪಾರಾಯಣ ಸ್ವಲ್ಪ ಕಮ್ಮಿ ಮಾಡಮ್ಮ."

ಕೃಪಾ ಲೋಟದೊಳಗೇ ಕೆಮ್ಮಿದಳು. ಅಮ್ಮ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡದ್ದೇ ತಡ, ಅವನು ಹೆಂಡತಿಯನ್ನು ಅಡುಗೆಮನೆಯ ಮೂಲೆಗೆ ಕರೆದ.

"ಆ ಓಬಿ ಕೆಲಸ ಬಿಟ್ಬಿಡು. ಅದು ಹಬ್ಬಕ್ಕಲ್ಲ. ಒಂಥರಾ... ಸಿನಿಮಾಗೆ."

"ಗೊತ್ತು ರೀ. ಕಂಪನಿಯವರು ಮೊದಲ್ನೇ ದಿನಾನೇ ಹೇಳಿದ್ರು."

"ಗೊತ್ತಿದ್ದೂ ಒಪ್ಕೊಂಡ್ಯಾ? ಅಮ್ಮ ಏನಂದ್ಕೋತಾರೆ, ಯೋಚ್ನೆ ಮಾಡಿದ್ಯಾ?"

"ಅದನ್ನೇ ಯೋಚ್ನೆ ಮಾಡಿ ಒಪ್ಕೊಂಡೆ. ಈಗ ನಿಲ್ಸಿದ್ರೆ ಮನೇಲಿ ತುಂಬಾ ಬೇಜಾರಾಗುತ್ತೆ."

"ನಿಂಗೆ ತಾನೆ? ಬೇರೆ ಹೊಲಿಗೆ ಕೆಲಸ ಹುಡುಕಿಕೊಡ್ತೀನಿ ಬಿಡು."

"ನಂಗಾ?" ಕೃಪಾ ಅವನನ್ನು ಕನಿಕರದಿಂದ ನೋಡಿದಳು. "ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ರೀ."

ಮುಚ್ಚಿದ ಬಾಗಿಲಾಚೆ ಯಂತ್ರ ಗಿರಗಿರನೆ ತಿರುಗತೊಡಗಿತು.

"ಮಂಟಪದಲ್ಲಿ ನಿನ್ನ ಪಂಚೆ ಬಿಚ್ಚಿಹೋಗಬಾರದು ಅಂತ ಹೊಲಿದುಕೊಟ್ಟವಳೂ ನಾನೇ ಕಣೋ ಹೃಷಿ," ಒಳಗಿನಿಂದ ವಿಶಾಲಾಕ್ಷಮ್ಮನ ದನಿ ಬಂತು. "ಇದು ಬಿಚ್ಚಿಹೋಗಲಿ ಅಂತ ಹೊಲೀತಿದೀನಿ, ಅಷ್ಟೇ ವ್ಯತ್ಯಾಸ."