ಪೀಠ ಬಿಟ್ಟಿಳಿಯದ ಸ್ವಾತಂತ್ರ್ಯದೇವಿ

ಉತ್ಸವ ಮುಗಿಯಿತು, ನಗಾರಿ ನಿಂತಿತು, ಹುಡುಗಿಯರು ಎರಚಿದ ಎಲೆಗಳೆಲ್ಲ ಜನರ ಕಾಲಿಗೆ ಸಿಕ್ಕಿ ಕೆಸರಾದವು. ಸ್ವಾತಂತ್ರ್ಯದೇವಿ ಮಾತ್ರ ಪೀಠದಿಂದ ಇಳಿಯಲಿಲ್ಲ.

“ಇಳಿಯಮ್ಮ, ಆಯ್ತು. ತುಂಬಾ ಚೆನ್ನಾಗಿ ನಿಂತಿದ್ದೆ,” ಎಂದು ಕ್ರಾಂತಿ ಸಂಘದ ಅಧ್ಯಕ್ಷ, ವಕೀಲ ತಾರ್ದಿವೋ ಕೈ ಚಾಚಿದ.

“ನನ್ನ ತಂಗಿ ಬರ್ಲಿ, ಇಳೀತೀನಿ,” ಎಂದಳು ದೇವಿ.

ದೇವಿಯ ಹೆಸರು ಪೆರೀನ್, ಊರವರ ಬಟ್ಟೆ ಒಗೆಯುವವಳು. ಎತ್ತರದ ಆಳು, ನೆಟ್ಟಗಿನ ಬೆನ್ನು, ಅದಕ್ಕೇ ಸಂಘದವರ ಕಣ್ಣಿಗೆ ಬಿದ್ದಿದ್ದಳು. ಪ್ಯಾರಿಸ್ಸಿನಲ್ಲಿ ರಾಜನ ತಲೆ ತೆಗೆದ ವರ್ಷ ಅದು. ನಮ್ಮ ಇಗರ್ಜಿಯಿಂದ ದೇವರನ್ನೂ ಹೊರಗೆ ಹಾಕಿ, ಬಾಗಿಲ ಮೇಲೆ ‘ವಿವೇಕದ ಮಂದಿರ’ ಎಂದು ಬರೆಸಿದ್ದರು. ಕಲ್ಲಿನ ವಿಗ್ರಹ ಇಟ್ಟರೆ ಈ ಮೂಢ ಜನ ಮತ್ತೆ ಮೊಣಕಾಲೂರುತ್ತಾರೆ, ಅಂಗಳದಲ್ಲಿ ಜೀವಂತ ಹೆಂಗಸನ್ನೇ ನಿಲ್ಲಿಸೋಣ ಎಂದವನು ತಾರ್ದಿವೋ. ತತ್ವಜ್ಞಾನಿಗಳ ಪುಸ್ತಕಗಳನ್ನೆಲ್ಲ ಅರೆದು ಕುಡಿದವನು. ಜೀವಂತ ಹೆಂಗಸಿಗೆ ಬಾಯಿಯೂ ಇರುತ್ತದೆ ಎಂದು ಆ ಮಹಾನುಭಾವರು ಯಾರೂ ಬರೆದಿರಲಿಲ್ಲವೋ ಏನೋ.

ತಂಗಿ ಉರ್ಸುಲ್ ಸೆರೆಮನೆಯಲ್ಲಿದ್ದಳು. ಅವಳು ಮಾಡಿದ ಘೋರ ಅಪರಾಧವೆಂದರೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಸಂತೆಗೆ ಹೋದದ್ದು. ಕೆಂಪು ಟೊಪ್ಪಿಗೆ ಸ್ವತಂತ್ರ ಪ್ರಜೆಯ ಗುರುತು, ಸ್ವತಂತ್ರ ಪ್ರಜೆ ಎಂದರೆ ಗಂಡಸು. ಹೆಂಗಸರ ತಲೆ ದೊಡ್ಡ ವಿಚಾರಗಳಿಗೆ ಹೇಳಿ ಮಾಡಿಸಿದ್ದಲ್ಲ, ಅವರ ಸಂಘಗಳನ್ನೆಲ್ಲ ಮುಚ್ಚಿ ಎಂದು ಪ್ಯಾರಿಸ್ಸಿನಿಂದ ಆಗಷ್ಟೇ ಕಾನೂನು ಬಂದಿತ್ತು. ಉರ್ಸುಲ್ ಟೊಪ್ಪಿಗೆ ತೆಗೆಯುವುದಿಲ್ಲವೆಂದು ಹಟ ಹಿಡಿದಳು, ಕಾವಲಿನವರು ಎಳೆದುಕೊಂಡು ಹೋದರು. ಸೆರೆಮನೆಯಲ್ಲಿ ವಿಷಮಜ್ವರ ಹಬ್ಬಿತ್ತು. ಬೆಳಗಾದರೆ ಹಿಂಬಾಗಿಲಿನಿಂದ ಹೆಣದ ಗಾಡಿ ಹೊರಡುತ್ತಿತ್ತು.

ದೇವಿಯಾಗಿ ನಿಲ್ಲು, ಹಬ್ಬದ ದಿನವೇ ತಂಗಿಯನ್ನು ಬಿಡಿಸುತ್ತೇನೆ ಎಂದು ತಾರ್ದಿವೋ ಮಾತು ಕೊಟ್ಟಿದ್ದ. ಪೆರೀನ್ ಅದನ್ನು ನಂಬಿ, ಬಿಳಿ ನಿಲುವಂಗಿ ತೊಟ್ಟು, ಭರ್ಜಿ ಹಿಡಿದು, ನವೆಂಬರಿನ ಚಳಿಯಲ್ಲಿ ಬರಿದೋಳಿನಲ್ಲಿ ನಿಂತಿದ್ದಳು. ತಲೆಯ ಮೇಲೆ ಅದೇ ಕೆಂಪು ಟೊಪ್ಪಿಗೆ. ಅದನ್ನು ತೊಡಿಸಿದವನು ಸ್ವತಃ ತಾರ್ದಿವೋ, ಸಾವಿರಾರು ಜನರೆದುರು, ಕಣ್ಣಲ್ಲಿ ನೀರು ತಂದುಕೊಂಡು.

“ಬಿಡಿಸ್ತೀನಿ ಅಂದಿದೀನಲ್ಲ? ಸಮಿತಿ ಕೂಡಬೇಕು, ಚರ್ಚೆ ಆಗ್ಬೇಕು...”

“ಕೂಡ್ಲಿ. ನಾನೇನು ಎಲ್ಲಿಗೂ ಹೋಗಲ್ಲ.”

“ಜನ ನೋಡ್ತಿದಾರೆ ಕಣಮ್ಮ.”

“ನೋಡ್ಲಿ ಅಂತ್ಲೇ ನಿಂತಿರೋದು.”

ಜನ ನಕ್ಕರು. ಕಾವಲಿನ ಬಾಸ್ತಿಯೆನ್ ಅವಳನ್ನು ಎಳೆಯಲು ಮೆಟ್ಟಿಲು ಹತ್ತಿದ. ಪೆರೀನ್ ಭರ್ಜಿಯ ಬುಡವನ್ನು ಹಲಗೆಗೆ ಕುಟ್ಟಿದಳು.

“ಮುಟ್ಟು ನೋಡೋಣ. ಈಕೆ ಮೇಲೆ ಕೈ ಮಾಡಿದೋನು ರಾಷ್ಟ್ರದ ಮೇಲೆ ಕೈ ಮಾಡಿದ ಹಾಗೆ ಅಂತ ವಕೀಲರು ಈಗ್ತಾನೆ ಭಾಷಣ ಬಿಗಿದ್ರು. ನಿನ್ ಕಿವಿಗೆ ಬೀಳ್ಲಿಲ್ವಾ?”

ಬಾಸ್ತಿಯೆನ್ ಕೈ ಹಿಂತೆಗೆದು ವಕೀಲನ ಮುಖ ನೋಡಿದ. ತಾರ್ದಿವೋನ ಭಾಷಣವನ್ನು ಊರಲ್ಲಿ ಒಬ್ಬರಾದರೂ ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು. ಅವನಿಗೆ ಅದು ಹಿತವಾದಂತೆ ಕಾಣಲಿಲ್ಲ.

“ದೇವಿ ಕೇಳೋದ್ರಲ್ಲಿ ಏನ್ ತಪ್ಪಿದೆ? ಹುಡುಗೀನ ಬಿಡ್ರಪ್ಪ,” ಎಂದು ಗುಂಪಿನಿಂದ ಒಬ್ಬ ಕೂಗಿದ. ಇನ್ನೊಬ್ಬ ದನಿಗೂಡಿಸಿದ. ನೋಡನೋಡುತ್ತ ಇಡೀ ಅಂಗಳ ಉರ್ಸುಲ್, ಉರ್ಸುಲ್ ಎನ್ನತೊಡಗಿತು. ಸೆರೆಮನೆಗೇ ನುಗ್ಗೋಣ ನಡೀರಿ ಎಂದು ಚಮ್ಮಾರನೊಬ್ಬ ತೋಳೇರಿಸಿದ. ಬೆಳಗಿನಿಂದ ಮರದ ಹಾಗೆ ನಿಂತಿದ್ದ ಪೆರೀನ್ ಆಗ ಮೊದಲ ಸಲ ಅತ್ತಳು.

ತಾರ್ದಿವೋ ಜನರತ್ತ ತಿರುಗಿದ. ಕೋಪವಿಲ್ಲ, ಗಡಿಬಿಡಿಯಿಲ್ಲ, ಮುಖದಲ್ಲಿ ನಗು.

“ಪ್ರಜೆಗಳೇ, ಪಕ್ಕದ ಬೀದೀಲಿ ರಾಷ್ಟ್ರದ ಔತಣ ಬಡಿಸಿದೆ. ಹಂದಿಮಾಂಸ ಹಾಕಿದ ಕೋಸಿನ ಸಾರು, ಬಿಳಿ ಬ್ರೆಡ್ಡು. ಮೊದ್ಲು ಹೋದೋರಿಗೆ ಸಿಗುತ್ತೆ, ಅಷ್ಟೇ.”

ನಮ್ಮ ಜನ ಹೊಟ್ಟಿನ ಬ್ರೆಡ್ಡು ತಿಂದು ತಿಂದು ಬೇಸತ್ತಿದ್ದರು, ನಿಜ. ಆದರೂ ನಾಚಿಕೆ ಎಂಬುದೊಂದು ಇರಬೇಕಲ್ಲ. ಎಲ್ಲರಿಗಿಂತ ಮುಂದೆ ಓಡಿದವನು ತೋಳೇರಿಸಿದ ಚಮ್ಮಾರನೇ. ಪೆರೀನಳ ಪಕ್ಕದ ಮನೆಯವಳು ಮಾತ್ರ ಹೋಗಲೋ ಬೇಡವೋ ಎಂದು ಒಂದು ಗಳಿಗೆ ನಿಂತು, “ಮಕ್ಕಳು ಹಸ್ಕೊಂಡಿದಾವೆ ಕಣೇ, ತಿಂದು ಬಂದ್ಬಿಡ್ತೀನಿ,” ಎಂದು ಎದೆಗೆ ಶಾಲು ಬಿಗಿದುಕೊಂಡು ಓಡಿದಳು. ಅಂಗಳದಲ್ಲಿ ಉಳಿದದ್ದು ವಕೀಲ, ಕಾವಲಿನವನು ಮತ್ತು ದೇವಿ.

ವಕೀಲನ ಬಾಯಿಂದ ಅಮ್ಮ ಎಂಬ ಮಾತು ಹೋಗಿತ್ತು.

“ಇಳಿಸೋ ಇವಳನ್ನ.”

ಈ ಸಲ ಬಾಸ್ತಿಯೆನ್‌ಗೆ ರಾಷ್ಟ್ರದ ನೆನಪಾಗಲಿಲ್ಲ. ಭರ್ಜಿ ಕಿತ್ತು ಎಸೆದು ರಟ್ಟೆ ಹಿಡಿದು ಎಳೆದ. ಪೆರೀನ್ ಮೆಟ್ಟಿಲ ಮೇಲೆ ಮುಗ್ಗರಿಸಿದಳು, ನಿಲುವಂಗಿಯ ಅಂಚು ಹರಿಯಿತು.

“ನನ್ನೂ ಒಳಗೆ ಹಾಕ್ತೀರಾ? ಹಾಕಿ. ತಂಗಿ ಇರೋ ಕೋಣೆಗೇ ಹಾಕಿ, ನಿಮ್ ಕಾಲಿಗೆ ಬೀಳ್ತೀನಿ. ಅವಳಿಗೆ ನೀರು ಕೊಡೋಕಾದ್ರೂ ಒಬ್ಬರು ಬೇಕು.”

ತಾರ್ದಿವೋನ ಕಣ್ಣು ಅವಳ ತಲೆಯ ಮೇಲಿತ್ತು.

“ಟೊಪ್ಪಿಗೆ ಹುಷಾರು ಕಣೋ. ಮುಂದಿನ ಹಬ್ಬಕ್ಕೆ ಬೇಕು.”

ಬಾಸ್ತಿಯೆನ್ ಟೊಪ್ಪಿಗೆಯನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದು, ಧೂಳು ಕೊಡವಿ, ಪೀಠದ ಮೇಲಿಟ್ಟ. ಆಮೇಲೆ ಪೆರೀನಳ ಕೈಗಳನ್ನು ಹಿಂದಕ್ಕೆ ತಿರುಚಿ ಕಟ್ಟಿದ.

“ಸೆರೆಮನೇಲಿ ಕೇಳ್ತಾರೆ ಸ್ವಾಮಿ. ತಪ್ಪು ಏನು ಅಂತ ಹೇಳ್ಲಿ?”

ಸಾರಿನ ವಾಸನೆ ಬಂದ ಕಡೆಗೆ ಆಗಲೇ ಹೆಜ್ಜೆ ಹಾಕಿದ್ದ ತಾರ್ದಿವೋ ಅರ್ಧ ತಿರುಗಿ ಹೇಳಿದ:

“ಹೆಂಗಸಾಗಿ ಕೆಂಪು ಟೊಪ್ಪಿಗೆ ಹಾಕ್ಕೊಂಡಿದ್ಳು ಅನ್ನು.”