ಪದ್ದು ಕಂಡ ಮೀನು

ಹೊರಗಲ್ಲು ಬಂಡೆಗೆ ಹೊರಟ ಪ್ರವಾಸಿಗರ ಸಾಲಿನ ಕೊನೆಯಲ್ಲಿ, ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ತನ್ನ ಹೆಂಡತಿಯೇ ನಿಂತಿರುವುದನ್ನು ಕಂಡು ಕರಿಯ ಹಿಡಿದಿದ್ದ ದೋಣಿಯ ಹಗ್ಗ ಬಿಟ್ಟುಬಿಟ್ಟ.

"ನೀನ್ ಇಲ್ಲ್ ಎಂತ ಮಾಡ್ತೆ?"

"ನಾನೂ ಬತ್ತೆ," ಎಂದಳು ಪದ್ದು. "ನೀರಡಿ ಹವಳ ಇತ್ತ್, ಬಣ್ಣದ ಮೀನಿತ್ತ್ ಅಂದ್ ಊರಿಗೆಲ್ಲ ಬೊಬ್ಬೆ ಹೊಡಿತ್ರಿ. ನಂಗೂ ಕಾಣ್ಕ್."

"ಹೆಂಗಸ್ರ್ ದೋಣಿ ಹತ್ತುಕಾಗ. ಗೊತ್ತಿಲ್ಯಾ ನಿಂಗೆ?"

ದೋಣಿಯಲ್ಲಿ ಆಗಲೇ ಕುಳಿತು ಫೋಟೋ ತೆಗೆಸಿಕೊಳ್ಳುತ್ತಿದ್ದ ಮೈಸೂರಿನ ಪ್ರಣೀತಾಳತ್ತ ಪದ್ದು ಗಲ್ಲ ಎತ್ತಿ ತೋರಿಸಿದಳು. "ಹಾಂಗಾರೆ ಅವ್ರ್ ಗಂಡಸ್ರಾ?"

"ಅವ್ರ್ ಪ್ರವಾಸಿಗ್ರ್."

"ಇವತ್ತ್ ನಾನೂ ಪ್ರವಾಸಿ."

ಹೆಂಗಸು ಹತ್ತಿದ ದೋಣಿಗೆ ಮೀನು ಬೀಳುವುದಿಲ್ಲ ಎಂಬುದು ಕರಿಯನ ಅಜ್ಜನ ಕಾಲದ ಮಾತು. ಬೈಂದೂರಿಗೆ ಪ್ರವಾಸಿಗರು ಬರತೊಡಗಿದ ಮೇಲೆ ಆ ಮಾತು ಯಾರಿಗೂ ಗೊತ್ತಾಗದಂತೆ ಸಡಿಲವಾಗಿತ್ತು. ಗೊತ್ತಾದದ್ದು ಪದ್ದುವಿಗೆ ಮಾತ್ರ. ಈ ದೋಣಿ ತಂದ ಮೀನನ್ನೇ ಹೊತ್ತು ಮನೆಮನೆ ತಿರುಗಿ, ಐಸಿನಲ್ಲಿ ಮಲಗಿ ಎದ್ದ ಬಂಗುಡೆಗೂ "ಜೀವ ಇತ್ತ್ ಕಾಣಿ!" ಎಂದು ಆಣೆ ಹಾಕಿ ಮಾರಿದವಳು ಅವಳು. ಅಂಥವಳಿಗೆ ದೋಣಿಯಲ್ಲಿ ಒಮ್ಮೆ ಕೂರುವ ಯೋಗವಿರಲಿಲ್ಲ. ಇವತ್ತು ಸೋಮವಾರ, ಮೀನು ತಿನ್ನದ ಮನೆಗಳೇ ಹೆಚ್ಚು. ಬುಟ್ಟಿಗೆ ರಜೆ ಸಿಕ್ಕಿದ್ದೇ ತಡ, ನೆಟ್ಟಗೆ ಕಡಲಿಗೆ ಬಂದಿದ್ದಳು.

"ಬರಲಿ ಬಿಡಿ ಅಂಕಲ್," ಎಂದು ಪ್ರಣೀತಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಗಿರಾಕಿಗಳ ಮುಂದೆ ಜಗಳ ಯಾಕೆಂದು ಕರಿಯ ಹಲ್ಲು ಕಚ್ಚಿದ. "ನಾಳೆ ಮೀನ್ ಬೀಳ್ದಿರೆ ನೀನೇ ಹೊಣೆ," ಎಂದಷ್ಟೇ ಹೇಳಿ ಇಂಜಿನ್ ಚಾಲೂ ಮಾಡಿದ.

ಹೊರಗಲ್ಲು ಎಂದರೆ ಕಡಲ ನಡುವೆ ಬೆನ್ನಷ್ಟೇ ತೋರಿಸುವ ಬಂಡೆ. ಅದರ ಮಗ್ಗುಲಲ್ಲಿ ನೀರು ತಿಳಿ. ಪದ್ದು ಸೀರೆಯನ್ನು ಕಚ್ಚೆ ಕಟ್ಟಿ, ಕಣ್ಣಿಗೆ ಗಾಜಿನ ಮುಖವಾಡ ಹಾಕಿ, ಹಗ್ಗ ಹಿಡಿದು ನೀರಿಗಿಳಿದಳು. ಮೊದಲ ಸಲ ಮುಖ ಮುಳುಗಿಸಿದಾಗ ಉಪ್ಪುನೀರು ಕುಡಿದು ಕರಿಯನ ವಂಶವನ್ನೆಲ್ಲ ನೆನೆದಳು. ಎರಡನೆಯ ಸಲ ಸುಮ್ಮನಾದಳು. ಹೆಂಡತಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಮದುವೆಯಾದ ಮೇಲೆ ಕರಿಯ ಕಂಡದ್ದು ಅದೇ ಮೊದಲು. ಅವನಿಗೆ ಹೆದರಿಕೆಯೇ ಆಯಿತು.

ಕೆಳಗೆ, ಬಂಡೆಯ ಬಿರುಕಿನಿಂದ ದಪ್ಪ ಮೀನೊಂದು ನಿಧಾನಕ್ಕೆ ಹೊರಗೆ ಬಂದಿತ್ತು. ಮೈತುಂಬ ಕೆಂಪು ಚುಕ್ಕಿ. ರೆಕ್ಕೆಗಳನ್ನು ಬೀಸಣಿಗೆಯಂತೆ ಆಡಿಸುತ್ತ ನಿಂತು ಅದು ಪದ್ದುವಿನ ಮುಖವನ್ನೇ ನೋಡಿತು. ಅವಳು ಬೆರಳು ಅಲ್ಲಾಡಿಸಿದ್ದೇ, ಬಾಲ ಬೀಸಿ ಬಿರುಕಿನೊಳಗೆ ಸೇರಿಕೊಂಡಿತು.

ಪದ್ದು ತಲೆ ಎತ್ತಿದಳು. "ಹ್ವಾಯ್! ಎಂಥಾ ಚಂದ ಮಾರಾಯ್ರೆ! ಮೈಯೆಲ್ಲ ಕೆಂಪ್ ಚುಕ್ಕಿ! ಅದೆಂತ ಮೀನ್?"

ಕರಿಯ ಬಗ್ಗಿ ನೋಡಿದ. ಮೀನು ಮತ್ತೆ ಮೂತಿ ಹೊರಗೆ ಹಾಕಿತ್ತು. ಅವನಿಗೆ ನಗು ತಡೆಯಲಾಗದೆ ದೋಣಿಯ ಅಂಚು ಹಿಡಿದುಕೊಳ್ಳಬೇಕಾಯಿತು.

"ಮುರು ಮಾರಾಯ್ತಿ! ದಿನಾ ತಲೆ ಮೇಲ್ ಹೊತ್ತ್ ಮಾರುದ್ ನೀನೇ. ಮುರು ಮೀನಿನ ಗುರ್ತ ಸಿಕ್ಲಿಲ್ಯಾ ನಿಂಗೆ?"

ದೋಣಿಯವರೆಲ್ಲ ನಕ್ಕರು. ಕಣ್ಣು ಮುಚ್ಚಿ ಬುಟ್ಟಿಗೆ ಕೈ ಹಾಕಿದರೂ ಮೀನಿನ ಹೆಸರು ಹೇಳುವ ಪದ್ದುವಿಗೆ ನಾಚಿಕೆಯಾಯಿತು. "ಬುಟ್ಟಿಯೊಳ್ಗಿಪ್ಪ ಮುರು ನನ್ನ ಹೀಂಗ್ ತಿರ್ಗಿ ಕಾಂತಿಲ್ಲೆ," ಎಂದು ಗೊಣಗಿ ಮತ್ತೆ ಮುಖ ಮುಳುಗಿಸಿದಳು. ಹೊರಡುವ ಹೊತ್ತಿಗೆ ಅವಳನ್ನು ಮೇಲೆ ಎಳೆದುಕೊಳ್ಳಲು ಇಬ್ಬರು ಬೇಕಾದರು.

ಮರುದಿನ ಕರಿಯನ ದೋಣಿಗೆ ಬಿದ್ದಷ್ಟು ಮೀನು ದಡದಲ್ಲಿ ಇನ್ನಾರಿಗೂ ಬೀಳಲಿಲ್ಲ. ಅದರಲ್ಲಿ ಹೆಚ್ಚಿನದು ಮುರುವೇ. ಅವನು ಬುಟ್ಟಿ ತುಂಬಿಸಿಕೊಡುತ್ತ, ಅತ್ತ ಇತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ: "ಬಪ್ಪು ವಾರವೂ ಬತ್ಯಾ?"

ಪದ್ದು ಬುಟ್ಟಿ ಎತ್ತಿಕೊಂಡು ನಡೆದಳು. ಮೊದಲ ಮನೆ ಶ್ರೀಲತಾ ಟೀಚರದ್ದು. ಪದ್ದುವಿನ ಆಣೆಯನ್ನು ಒಂದು ದಿನವೂ ನಂಬಿದವರಲ್ಲ ಅವರು. ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಎಂದಿನಂತೆ ದೊಡ್ಡ ಮುರುವಿನ ಕಿವಿರು ಎತ್ತಿ ನೋಡುತ್ತ ಕೇಳಿದರು: "ತಾಜಾ ಇತ್ತಾ ಪದ್ದು?"

ಪದ್ದು ಬಾಯಿ ತೆರೆದಳು. "ಜೀವ..." ಎಂದು ರೂಢಿಯ ಆಣೆ ಶುರುಮಾಡಿ ಬುಟ್ಟಿಗೆ ಬಗ್ಗಿದಳು. ಬುಟ್ಟಿಯಲ್ಲಿ ಚುಕ್ಕಿಗಳೆಲ್ಲ ಮಸುಕಾಗಿದ್ದವು. ಅವಳು ಎಷ್ಟು ಬಗ್ಗಿದರೂ ಯಾವ ಮುರುವೂ ಅವಳನ್ನು ನೋಡಲಿಲ್ಲ.

"ಜೀವ ಇಪ್ಪ ಮುರು ಹ್ಯಾಂಗಿರತ್ತ್ ಅಂದ್ ಮೊನ್ನೆವರೆಗೂ ನಂಗೇ ಗೊತ್ತಿರ್ಲಿಲ್ಲೆ ಟೀಚರ್ರೇ. ನಿನ್ನೆ ಕಂಡೆ," ಎಂದಳು. "ಇದ್ ಅದಲ್ಲ."

ಟೀಚರ ಕೈ ಕಿವಿರು ಬಿಟ್ಟು ತಾನಾಗಿ ಹಿಂದೆ ಬಂತು. ಪದ್ದುವಿಗೆ ಆಗಲೇ ವ್ಯಾಪಾರದ ನೆನಪಾದದ್ದು.

"ಆರೆ, ಗಸಿ ಮಾಡಿ ಉಂಬುಕೆ ಅಡ್ಡಿಲ್ಲೆ."